ತಾಕತ್ತಿನ ಸೂಜಿ

ಇದನ್ನು ಹೇಳಬೇಕೆಂದು ನಾನು ಎಷ್ಟೋ ಸಲ ಕುಳಿತಿದ್ದೇನೆ. ಪ್ರತಿ ಸಲವೂ ಬೇರೆ ಏನನ್ನೋ ಹೇಳಿ ಎದ್ದಿದ್ದೇನೆ. ಒಮ್ಮೆ ಮೊಮ್ಮಗಳ ಮುಂದೆ ಹೇಳಲು ಹೋಗಿ, ಹತ್ತಿ ಬಿಡಿಸುವ ಯಂತ್ರ ಹೇಗೆ ಓಡುತ್ತದೆ ಎಂಬುದನ್ನೇ ಊಟದ ಹೊತ್ತಿನವರೆಗೆ ವಿವರಿಸಿದೆ. ಆಕೆ "ಚಲೋ ಇತ್ತಜ್ಜಾ" ಎಂದು ಎದ್ದು ಹೋದಳು. ಈ ಸಲವೂ ಯಂತ್ರದಿಂದಲೇ ಶುರು ಮಾಡಬೇಕಾಗಿದೆ. ಅಲ್ಲಿಗೇ ನಿಲ್ಲಬಾರದು ಎಂದು ಬರೆಯಲು ಕುಳಿತಿದ್ದೇನೆ.

ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಅಣ್ಣಿಗೇರಿಯ ಒಂದು ಹತ್ತಿ ಗಿರಣಿಯಲ್ಲಿ ಮುಕಾದಮನಾಗಿದ್ದೆ. ಹೆಣ್ಣಾಳುಗಳನ್ನು ಗೊತ್ತುಮಾಡುವುದು, ಯಾರು ಯಾವ ಯಂತ್ರಕ್ಕೆ ಎಂದು ನಿಲ್ಲಿಸುವುದು, ಯಂತ್ರ ಖಾಲಿ ಓಡದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಯಂತ್ರಗಳು ಎರಡು ಸಾಲಾಗಿ ನಿಂತಿದ್ದವು. ಅವುಗಳ ಹಿಂದೆ ಹಲಗೆಯ ಕಟ್ಟೆ. ಹೆಂಗಸರು ಆ ಕಟ್ಟೆಯ ಮೇಲೆ ನಿಂತು, ಒಬ್ಬೊಬ್ಬರು ಎರಡೆರಡು ಯಂತ್ರಗಳ ಬಾಯಿಗೆ ಬೀಜದ ಹತ್ತಿಯನ್ನು ಹಿಡಿಹಿಡಿಯಾಗಿ ಉಣಿಸಬೇಕು. ಒಳಗೆ ಚರ್ಮದ ಬಿಲ್ಲೆಗಳನ್ನು ಬಿಗಿದು ಮಾಡಿದ ಉರುಳೆಯೊಂದು ಅಲಗಿಗೆ ಒತ್ತಿಕೊಂಡು ತಿರುಗುತ್ತದೆ. ಅರಳೆ ಮುಂದೆ ಬೀಳುತ್ತದೆ, ಬೀಜ ಕೆಳಗೆ ಉದುರುತ್ತದೆ. ಹತ್ತಿ ಬೀಳುವುದು ತಡವಾದರೆ ಚರ್ಮ ಬರಿ ಅಲಗಿಗೆ ತಿಕ್ಕಿ ಸುಡುತ್ತದೆ. ಆ ವಾಸನೆ ಮಾಲಕರ ಮೂಗಿಗೆ ಬಡಿದರೆ ನನ್ನನ್ನು ಒಳಗೆ ಕರೆಯುತ್ತಿದ್ದರು. ಆದ್ದರಿಂದ ಕಟ್ಟೆ ಹತ್ತಿದ ಹೆಂಗಸು ಊಟದ ಗಂಟೆಯವರೆಗೆ ಇಳಿಯುವಂತಿರಲಿಲ್ಲ. ಪಾಳಿ ಶುರುವಾದೊಡನೆ ಕಾವಲುಗಾರ ಗೇಟಿಗೆ ಒಳಗಿನಿಂದ ಕೀಲಿ ಹಾಕುತ್ತಿದ್ದ.

ನಮ್ಮದು ಹಂಗಾಮಿನ ಗಿರಣಿ. ಎರಿಯ ಹೊಲದ, ಅಂದರೆ ಕಪ್ಪು ಮಣ್ಣಿನ, ಜಯಧರ ತಳಿಯ ಹತ್ತಿ ಬಂದಾಗ ತೆರೆದು ಮಳೆಗಾಲಕ್ಕೆ ಮುಚ್ಚುವಂಥದ್ದು. ಹುಬ್ಬಳ್ಳಿಯಲ್ಲಿ ವರ್ಷವಿಡೀ ನಡೆಯುವ ಕಾರಖಾನೆಗಳ ಆಳುಗಳಿಗೆ ಒಂದು ಕಾರ್ಡು ಇರುತ್ತಿತ್ತು. ಅವರು ಬೇನೆ ಬಿದ್ದರೆ ಬೇರೆ ದವಾಖಾನೆ ಇತ್ತು, ಮಲಗಿದ ದಿನಕ್ಕೂ ಒಂದಷ್ಟು ಪಗಾರ ಬರುತ್ತಿತ್ತು. ಹಂಗಾಮಿನ ಗಿರಣಿಗೆ ಆ ಕಾಯಿದೆ ಹತ್ತುತ್ತಿರಲಿಲ್ಲ. ನಮ್ಮವರಿಗೆ ಇದ್ದದ್ದು ಊರ ಸರಕಾರಿ ದವಾಖಾನೆ. ಅಲ್ಲಿ ಯಾರು ಹೋದರೂ ಪುಕ್ಕಟೆ. ನಮ್ಮ ಕಂಪೌಂಡಿನ ಹೊರಗೋಡೆಯ ಮೇಲೇ ಆರೋಗ್ಯ ಇಲಾಖೆಯವರು "ಎರಡು ಸಾವಿರದ ಇಸವಿಯೊಳಗೆ ಎಲ್ಲರಿಗೂ ಆರೋಗ್ಯ" ಎಂದು ಆಳುದ್ದ ಅಕ್ಷರದಲ್ಲಿ ಬರೆಸಿದ್ದರು. ಮಾಲಕರು ತಕರಾರು ತೆಗೆಯಲಿಲ್ಲ. ಸರಕಾರದ ಖರ್ಚಿನಲ್ಲಿ ಗೋಡೆಗೆ ಸುಣ್ಣವಾಯಿತು ಎಂದು ನಕ್ಕರು. ತೊಡಕು ಏನೆಂದರೆ, ದವಾಖಾನೆಯ ಬಾಗಿಲು ತೆರೆಯುವುದಕ್ಕೆ ಮೊದಲೇ ನಮ್ಮ ಗೇಟು ಮುಚ್ಚುತ್ತಿತ್ತು, ನಮ್ಮ ಗೇಟು ತೆರೆಯುವಷ್ಟರಲ್ಲಿ ಅದರ ಬಾಗಿಲು ಮುಚ್ಚಿರುತ್ತಿತ್ತು.

ಗಿರಣಿಯಲ್ಲಿ ಎಲ್ಲರೂ ಕೆಮ್ಮುತ್ತಿದ್ದರು. ಹತ್ತಿಯ ಧೂಳು ಹುಬ್ಬಿನ ಮೇಲೆ, ಕಿವಿಯೊಳಗೆ, ರೊಟ್ಟಿಯ ಮೇಲೆ ಕೂರುತ್ತಿತ್ತು. ಸಂಜೆ ಹೊರಗೆ ಹೋಗುವಾಗ ಒಬ್ಬೊಬ್ಬರಿಗೆ ಒಂದೊಂದು ತುಣುಕು ಬೆಲ್ಲ ಕೊಡುವುದು ನಮ್ಮ ಪದ್ಧತಿ. ಬೆಲ್ಲ ತಿಂದರೆ ಧೂಳು ಇಳಿಯುತ್ತದೆ ಎಂದು ನನ್ನ ಹಿಂದಿನ ಮುಕಾದಮ ಹೇಳಿದ್ದ. ನಾನೂ ಹೇಳುತ್ತಿದ್ದೆ. ಕೆಮ್ಮು ಎಂದರೆ ಹತ್ತಿ ಕೆಮ್ಮು, ಅದಕ್ಕೆ ಮದ್ದು ಬೆಲ್ಲ. ಅದರಾಚೆ ಯಾರೂ ಯೋಚಿಸುತ್ತಿರಲಿಲ್ಲ.

ಮೊದಲ ಸಾಲಿನ ಕಡೆಯ ಎರಡು ಯಂತ್ರಗಳ ಮೇಲೆ ಒಬ್ಬ ಹೆಣ್ಣುಮಗಳಿದ್ದಳು. ಗಂಡ ಸತ್ತು, ಮದುವೆಯ ವಯಸ್ಸಿಗೆ ಬರುತ್ತಿದ್ದ ಮಗಳೊಬ್ಬಳನ್ನು ಕಟ್ಟಿಕೊಂಡು ಅತ್ತೆಯ ಮನೆಯಲ್ಲೇ ಇದ್ದವಳು. ಕೈ ಬಹಳ ಚುರುಕು. ಬಾಯಿ ಅದಕ್ಕಿಂತ ಚುರುಕು. ನಾನು ಸಾಲಿನ ನಡುವೆ ಓಡಾಡುತ್ತಿದ್ದರೆ "ಮುಕಾದಮ್ರ, ಸಾವಕಾಶ ಅಡ್ಡಾಡ್ರಿ, ನಿಮ್ಮ ಗಾಳೀಗೆ ನನ್ನ ಹತ್ತಿ ಹಾರತೈತಿ" ಎನ್ನುತ್ತಿದ್ದಳು. ನಾನು ಆಗ ಕಡ್ಡಿಯಂತೆ ಇದ್ದೆ. ಇಡೀ ಸಾಲು ನಗುತ್ತಿತ್ತು.

ಒಂದು ದಿನ ಅವಳ ಯಂತ್ರದ ಮುಂದೆ ಬಿದ್ದ ಅರಳೆಯಲ್ಲಿ ಕೆಂಪು ಕಲೆ ಕಂಡಿತು. ಎಲೆ ಅಡಿಕೆ ಉಗುಳಿದ್ದಾಳೆ ಎಂದುಕೊಂಡು ಎಲ್ಲರ ಮುಂದೆ ಬೈದೆ.

"ಮಿಷನ್ ಮ್ಯಾಲ ಎಲಿ ತಿನ್ನಬ್ಯಾಡ ಅಂತ ಎಷ್ಟ ಸಲಾ ಹೇಳ್ಬೇಕ ನಿನಗ?"

ಅವಳು ಕೈ ನಿಲ್ಲಿಸಲಿಲ್ಲ. ಹತ್ತಿ ಉಣಿಸುತ್ತಲೇ, ಪಕ್ಕದವಳಿಗೆ ಕೇಳದಷ್ಟು ಮೆಲ್ಲಗೆ ಹೇಳಿದಳು. "ಎಲಿ ತಿನ್ನೂದ ಬಿಟ್ಟ ಭಾಳ ದಿನಾ ಆತ್ರಿ."

ನಾನು ಆ ಅರಳೆಯನ್ನು ಕಿತ್ತು ಕಿಸೆಯಲ್ಲಿ ಹಾಕಿಕೊಂಡೆ. ಮರುದಿನ ಗೇಟು ಹಾಕುವ ಮೊದಲು ಅವಳನ್ನು ದವಾಖಾನೆಗೆ ಕಳಿಸಿದೆ. ಮಾಲಕರಿಗೆ, ತವರಿನಲ್ಲಿ ಯಾರಿಗೋ ಬೇನೆಯೆಂದು ಹೇಳಿದೆ. ಕಫ ಪರೀಕ್ಷೆಯಾಗಿ ಟಿ.ಬಿ. ಎಂದು ಬಂತು.

ಈ ಸುದ್ದಿ ತಂದವಳು ದವಾಖಾನೆಯ ನರ್ಸಬಾಯಿ. ನಡುವಯಸ್ಸಿನವಳು, ಹಳ್ಳಿಗಳಿಗೆ ನಡೆದೇ ಹೋಗುತ್ತಿದ್ದವಳು. ಗೇಟಿನ ಹೊರಗೆ ನನ್ನನ್ನು ಕರೆಸಿ, ಪೀಠಿಕೆಯಿಲ್ಲದೆ ವಿಷಯಕ್ಕೆ ಬಂದಳು.

"ಎರಡ ತಿಂಗಳ ದಿನಾ ಒಂದ ಸೂಜಿ. ಆಮ್ಯಾಲ ವರ್ಷಗಟ್ಲೆ ಗುಳಿಗಿ. ಎಲ್ಲಾ ಪುಕ್ಕಟ. ನೀವ ದಿನಾ ಮುಂಜಾನೆ ಒಂದ ತಾಸ ಬಿಡ್ರಿ ಆಕೀನ್ನ."

"ಒಂದ ತಾಸ ಎರಡ ಮಿಷನ್ ಯಾರ ನಡಸ್ತಾರ್ರಿ ಬಾಯಾರ?"

"ಹಂಗಾರ ಆಕೀಗೆ ಕೆಲಸಾ ಬಿಡ ಅಂತ ಹೇಳ್ಲೇನು? ಸೂಜಿ ಪುಕ್ಕಟ ಸಿಗತೈತಿ, ರೊಟ್ಟಿ ಸಿಗೂದಿಲ್ಲ."

ನಾನು ಆ ಹೊತ್ತಿಗೆ ನಿಜವಾಗಿಯೂ ದಾರಿ ಹುಡುಕಿದೆ. ಅದನ್ನು ಹೇಳಿಕೊಳ್ಳಲು ಈಗ ನಾಚಿಕೆ, ಆದರೂ ನಡೆದದ್ದು ನಡೆದಂತೆ ಬರೆಯಬೇಕು. ಮಧ್ಯಾಹ್ನದ ಊಟದ ಹೊತ್ತಿಗೆ ನರ್ಸಬಾಯಿ ಹಳ್ಳಿಗೆ ಹೋಗುವ ದಾರಿಯಲ್ಲಿ ನಮ್ಮ ಗಿರಣಿ ಬೀಳುತ್ತಿತ್ತು. ಉರುಳೆ ರಿಪೇರಿ ಮಾಡುವ ಸಣ್ಣ ಖೋಲಿ ನನ್ನ ಕೈಯಲ್ಲಿತ್ತು. ಅಲ್ಲೇ ಬಂದು ಸೂಜಿ ಹಾಕಿ ಹೋಗಿರಿ ಎಂದೆ. ಅವಳು ಸ್ವಲ್ಪ ಯೋಚಿಸಿ ಒಪ್ಪಿದಳು. ಮಾಲಕರನ್ನು ಕೇಳಲಿಲ್ಲ. ಕೇಳಿದರೆ ಬೇಡವೆನ್ನುತ್ತಾರೆ ಎಂದು ಗೊತ್ತಿತ್ತು. ಆ ಹೊತ್ತಿಗೆ ಅವರು ಮನೆಗೆ ಊಟಕ್ಕೆ ಹೋಗಿರುತ್ತಿದ್ದರು.

ಮರುದಿನದಿಂದ ನರ್ಸಬಾಯಿ ಸ್ಟೀಲಿನ ಡಬ್ಬಿಯಲ್ಲಿ ಕುದಿಸಿದ ಗಾಜಿನ ಸಿರಿಂಜು ತರತೊಡಗಿದಳು. ಸೀಸೆಯ ಬಿಳಿ ಪುಡಿಗೆ ನೀರು ಬೆರೆಸಿ ಅಲ್ಲಾಡಿಸಿ, ಎಳೆದು, ಖೋಲಿಯ ಬಾಗಿಲು ಮುಂದಕ್ಕೆಳೆದುಕೊಂಡು ಸೂಜಿ ಹಾಕುತ್ತಿದ್ದಳು. ನಾನು ಹೊರಗೆ ಬೆನ್ನು ಮಾಡಿ ನಿಲ್ಲುತ್ತಿದ್ದೆ.

ಮೊದಲ ದಿನವೇ ಹೆಂಗಸರು ಕೇಳಿದರು. "ಏನ್ರಿ ಅದು ಸೂಜಿ?"

ಖರೆ ಹೇಳಿದರೆ ಅವಳ ಪಕ್ಕದಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಒಂದೇ ಕೊಡದ ನೀರು ಕುಡಿಯುವವರು, ಒಬ್ಬರ ಬುತ್ತಿಗೆ ಒಬ್ಬರು ಕೈಹಾಕುವವರು. ಏನು ಹೇಳಲಿ ಎಂದು ಹುಡುಕುತ್ತಿದ್ದಾಗ ಬಾಯಿಗೆ ಬಂದದ್ದು ನಮ್ಮ ಕಡೆ ಎಲ್ಲರೂ ನಂಬುವ ಮಾತು. "ತಾಕತ್ತಿಂದು. ಆಕೀಗೆ ರಕ್ತಾ ಕಡಿಮಿ ಆಗೇತಿ" ಎಂದೆ. ಎಲ್ಲರೂ ತಲೆಯಾಡಿಸಿದರು. ಜ್ವರ ಬಂದರೂ, ನಡು ಹಿಡಿದರೂ ಡಾಕ್ಟರ ಮುಂದೆ ಕೂತು "ಒಂದ ತಾಕತ್ತಿಂದ ಹಾಕ್ರಿ" ಎಂದು ಕೇಳುವ ಜನ ನಾವು.

ಮೊದಲ ವಾರ ಕಷ್ಟವಾಯಿತು. ಸೂಜಿ ಹಾಕಿದ ಮೇಲೆ ಅವಳ ತುಟಿಯ ಸುತ್ತ ಜೋಮು ಹಿಡಿಯುತ್ತಿತ್ತು, ತಲೆ ತಿರುಗುತ್ತಿತ್ತು. ಕಟ್ಟೆಯ ಕೆಳಗೆ ಉದ್ದಕ್ಕೂ ಒಂದು ದಂಡ ತಿರುಗುತ್ತದೆ, ಅದರಿಂದ ಪ್ರತಿ ಯಂತ್ರಕ್ಕೂ ಪಟ್ಟಾ, ಅಂದರೆ ಬೆಲ್ಟು, ಏರುತ್ತದೆ. ಒಂದು ಮಧ್ಯಾಹ್ನ ಅವಳು ವಾಲಿದ್ದನ್ನು ನಾನು ಕಂಡೆ. ಸೆರಗು ಪಟ್ಟಾದ ಕಡೆ ಇಳಿಯುತ್ತಿತ್ತು. ಓಡಿಹೋಗಿ ಕಟ್ಟಿಗೆಯ ಕೋಲಿನಿಂದ ಪಟ್ಟಾವನ್ನು ಪಕ್ಕದ ಸಡಿಲ ಗಾಲಿಗೆ ತಳ್ಳಿದೆ. ಯಂತ್ರ ನಿಂತಿತು. ಮರುದಿನ ಅವಳನ್ನು ಊಟದ ನಂತರದ ಹೊತ್ತಿಗೆ ಕೆಳಗೆ ಹತ್ತಿ ಆರಿಸುವ ಕೆಲಸಕ್ಕೆ ಕೂರಿಸಿದೆ. ಅದಕ್ಕೆ ಕೂಲಿ ಕಡಿಮೆ.

"ಹಿಂಗೇನ್ರಿ ಲೆಕ್ಕಾ?" ಎಂದಳು. "ಸೂಜಿ ಪುಕ್ಕಟ ಅಂತೀರಿ, ಪಗಾರದಾಗ ಮುರಕೋತೀರಿ."

"ಬೆಲ್ಟಿನ್ಯಾಗ ಸಿಕ್ಕ ಸತ್ತರ ಯಾರಿಗಿ ಪಗಾರ?"

"ಅದೂ ಖರೇನ. ಸತ್ತರ ನಿಮಗ ಇನ್ನೊಬ್ಬಾಕಿನ್ನ ಹುಡುಕೂ ತ್ರಾಸು."

ಕೆಲವು ವಾರ ಕಳೆದ ಮೇಲೆ ಜೋಮು ಕಡಿಮೆಯಾಯಿತು. ಕೆಮ್ಮು ನಿಂತಿತು. ಅವಳಿಗೆ ಹಸಿವೆ ಹತ್ತಿತು. ಗಲ್ಲ ತುಂಬಿತು. ಮತ್ತೆ ಹಳೆಯ ಕೈ ಬಂತು, ಅವಳನ್ನು ಕಟ್ಟೆಗೆ ಹತ್ತಿಸಿದೆ. ಇದೇ ನಮ್ಮನ್ನು ಸಿಕ್ಕಿಸಿತು. ಹೆಂಗಸರು ಕಣ್ಣಾರೆ ನೋಡುತ್ತಿದ್ದರು. ಹಂಗಾಮಿನ ಕೊನೆಗೆ ಎಲ್ಲರೂ ಒಣಗುತ್ತಿದ್ದಾಗ ಒಬ್ಬಳು ಮಾತ್ರ ದಿನದಿನಕ್ಕೂ ಚಿಗುರುತ್ತಿದ್ದಳು. ಅದಕ್ಕೆ ಕಾರಣ ತಾಕತ್ತಿನ ಸೂಜಿ ಎಂದು ಮುಕಾದಮನೇ ಹೇಳಿದ್ದ.

ಒಂದು ಮಧ್ಯಾಹ್ನ ನರ್ಸಬಾಯಿ ಡಬ್ಬಿ ತೆರೆಯುವಷ್ಟರಲ್ಲಿ ಖೋಲಿಯ ಮುಂದೆ ಸಾಲು ನಿಂತಿತು.

"ನಮಗೂ ಹಾಕ್ರಿ ಬಾಯಾರ. ಆಕೀಗಷ್ಟ ಯಾಕ? ನಾವೇನ ಮನ್ಯಾಗ ಹೈನಾ ಉಂಡ ಬರ್ತೀವೇನು?"

"ನಿಮಗೆಲ್ಲಾ ಬೇಕಾಗಿಲ್ಲ ಬೇ ಇದು" ಎಂದಳು ನರ್ಸಬಾಯಿ.

"ಯಾಕ ಬೇಕಾಗಿಲ್ಲ? ಹೊರಗ ಗೋಡೀ ಮ್ಯಾಲ ಏನ ಬರದೀರಿ? ಎಲ್ಲಾರಿಗೂ ಅಂತ ಬರದಿಲ್ಲೇನು? ನನ್ನ ಮಗಳು ಓದಿ ಹೇಳ್ಯಾಳ."

"ಅದು ಎರಡ ಸಾವಿರದ ಇಸವೀಗಂತ" ಎಂದು ಹಿಂದಿನಿಂದ ಇನ್ನೊಬ್ಬಳು.

"ಅಲ್ಲೀ ತನಕಾ ಈಕೀ ಒಬ್ಬಾಕೀನ ದಪ್ಪ ಆಗಲೇನು?"

ವಯಸ್ಸಾದ ಒಬ್ಬಾಕೆ ತೋಳು ಏರಿಸಿ ಮುಂದೆ ಬಂದಳು. "ನಮ್ಮ ಗಂಡ್ರಿಗಿ ಹಾಕಬ್ಯಾಡ್ರಿ, ಅವರಿಗಿ ಮೊದಲ ಹೆಚ್ಚಾಗೇತಿ. ನಮಗಷ್ಟ ಹಾಕ್ರಿ." ಎಲ್ಲರೂ ನಕ್ಕರು. ಕಡೆಯ ಯಂತ್ರದವಳೂ ನಕ್ಕಳು. ನಾನೂ ನಕ್ಕೆ.

ಊಟದ ಗಂಟೆ ಮುಗಿದು ಇಂಜಿನ್ ಶುರುವಾಯಿತು. ಯಾರೂ ಕಟ್ಟೆ ಹತ್ತಲಿಲ್ಲ. "ನಾಳಿ ನೋಡೂಣು, ಈಗ ನಡೀರಿ" ಎಂದೆ. ಈಗಲೇ ಹೇಳಿರಿ ಎಂದರು. ನಾನು ಪಟ್ಟಾಗಳನ್ನು ಸಡಿಲ ಗಾಲಿಗೆ ತಳ್ಳುತ್ತ ಓಡಿದೆ, ಒಬ್ಬನಿಂದ ಎಷ್ಟಾದೀತು. ದೂರದ ಸಾಲಿನಲ್ಲಿ ಚರ್ಮ ಸುಡುವ ವಾಸನೆ ಎದ್ದಿತು. ಅದೇ ಹೊತ್ತಿಗೆ ಮಾಲಕರು ಗದಗದ ಒಬ್ಬ ವ್ಯಾಪಾರಿಯೊಡನೆ ಒಳಗೆ ಬಂದರು.

ಅವರು ಕೂಗಾಡುವ ಮನುಷ್ಯರಲ್ಲ. ಸುತ್ತ ನೋಡಿ, ವ್ಯಾಪಾರಿಯ ಎದುರಿಗೇ ನನ್ನನ್ನು ಕೇಳಿದರು.

"ನನ್ನ ಗಿರಣ್ಯಾಗ ನನ್ನ ಕೇಳದ ಯಾರಿಗಿ ಏನ ಚುಚ್ಚಾಕತ್ತಾರ?"

ನರ್ಸಬಾಯಿ ಬಾಯಿ ತೆರೆದಳು. "ಸರಕಾರದ್ದರಿ ಇದು, ರಕ್ತಾ ಕಡಿಮಿ ಇದ್ದವರಿಗಿ..." ಅವಳು ನನ್ನ ಸುಳ್ಳನ್ನೇ ಎತ್ತಿ ಹಿಡಿಯುತ್ತಿದ್ದಳು. ಇನ್ನೊಂದು ಗಳಿಗೆ ನಾನು ಸುಮ್ಮನಿದ್ದಿದ್ದರೆ ಹೇಗೋ ದಾಟುತ್ತಿತ್ತು. ಆದರೆ ಮಾಲಕರು ಅವಳ ಕಡೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಹಂಗಾಮು ಮುಗಿಯುತ್ತ ಬಂದಿತ್ತು. ಮುಂದಿನ ಹಂಗಾಮಿಗೆ ಮುಕಾದಮ ಯಾರು ಎಂಬುದು ಅವರ ಒಂದು ಮಾತು. ನನ್ನ ಜಾಗಕ್ಕೆ ಬರಬಲ್ಲ, ಎಸ್ಸೆಸ್ಸೆಲ್ಸಿ ಓದಿದವರು ಓಣಿಗೆ ನಾಲ್ವರಿದ್ದರು. ಹಿಂದೆ ಹೆಂಗಸರು, ಮುಂದೆ ಮಾಲಕರು, ಮೂಗಿಗೆ ಸುಟ್ಟ ಚರ್ಮ.

"ತಾಕತ್ತಿಂದಲ್ರಿ" ಎಂದೆ. "ಟಿ.ಬಿ. ಸೂಜಿರಿ. ಆಕೀಗೆ ಐತಿ." ಬೆರಳು ಮಾಡಿ ತೋರಿಸಿದೆ.

"ನಿನಗ ಗೊತ್ತಿತ್ತೇನು?"

"ಇಲ್ರಿ. ಮುಚ್ಚಿಟ್ಟಿದ್ಲು. ನನಗೂ ಈಗ ಗೊತ್ತಾತು."

ಇದು ನಾನು ಆಡಿದ ಮಾತು. ಒಂದಕ್ಷರವನ್ನೂ ಬದಲಿಸಿಲ್ಲ.

ಮಾಲಕರು ಅವಳ ಕಡೆ ತಿರುಗಿದರು. "ಹೌದೇನು?"

ಆ ಖೋಲಿ ಯಾರದು, ಬಾಗಿಲ ಹೊರಗೆ ದಿನಾ ಯಾರು ಕಾಯುತ್ತಿದ್ದರು, ತಾಕತ್ತಿನ ಹೆಸರು ಯಾರು ಇಟ್ಟರು, ಎಲ್ಲವನ್ನೂ ಅವಳು ಹೇಳಬಹುದಿತ್ತು. ನನ್ನನ್ನು ಒಮ್ಮೆ ನೋಡಿದಳು. ಸಿಟ್ಟು ಇರಲಿಲ್ಲ. ಏನೋ ಲೆಕ್ಕ ಹಾಕಿದಂತೆ ನೋಡಿದಳು.

"ಹೌದ್ರಿ" ಎಂದಳು. "ನಾನ ಹೇಳಿರ್ಲಿಲ್ಲ."

ಅಷ್ಟರಲ್ಲಿ ಸಾಲು ಚದುರಿತ್ತು. ತೋಳು ಏರಿಸಿದ್ದ ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಯಾರೋ ನೀರಿನ ಕೊಡವನ್ನು ಹೊರಗೆ ಒಯ್ದು ಬರಿದು ಮಾಡುವ ಸಪ್ಪಳ ಕೇಳಿತು. ಮಾಲಕರು ನನಗೆ ಇಷ್ಟೇ ಹೇಳಿದರು. "ನಾ ಏನೂ ಹೇಳೂದಿಲ್ಲಪಾ. ಹೆಣಮಕ್ಕಳು ಒಪ್ಪಿದ್ರ ಇರಲಿ ಆಕಿ." ಹೆಣ್ಣುಮಕ್ಕಳು ಒಪ್ಪಲಿಲ್ಲ. ಅವಳು ಬುತ್ತಿಯ ಬಟ್ಟೆ ಕಟ್ಟಿಕೊಂಡು ಗೇಟಿನ ಹತ್ತಿರ ನಿಂತಳು. ಕೀಲಿ ನಾನೇ ತೆಗೆಸಬೇಕಾಯಿತು.

ಕೆಲವು ದಿನ ಕಳೆದು ನರ್ಸಬಾಯಿ ಮತ್ತೆ ಬಂದಳು. ಈ ಸಲ ಕೈಯಲ್ಲಿ ಡಬ್ಬಿ ಇರಲಿಲ್ಲ.

"ದವಾಖಾನಿಗೂ ಬರವಲ್ಲಳು. ಓಣ್ಯಾಗೆಲ್ಲಾ ಗೊತ್ತಾಗೇತಿ, ಅತ್ತಿ ಹೊರಗ ಹಾಕ್ಯಾಳ. ತವರಿಗೆ ಹೋಗ್ಯಾಳಂತ, ನವಲಗುಂದದ ಕಡೆ. ಅರ್ಧಕ್ಕ ಬಿಟ್ಟರ ಈ ರೋಗ ಮತ್ತ ಎದ್ದ ಬರತೈತಿ, ಆಮ್ಯಾಲ ಇದ ಔಷಧ ಕೇಳೂದಿಲ್ಲ. ತಿಳೀತಿಲ್ಲೋ?"

"ನಾ ಏನ ಮಾಡ್ಲಿರಿ?"

"ನಿಮ್ಮ ಅಂಗಳದಾಗ ಬಯಲಿಗೆ ಹತ್ತಿ ಒಣಗಸ್ತಾರಲ್ಲ, ಅಲ್ಲಿ ಹಾಕ್ರಿ ಆಕೀನ್ನ. ದೂರ ಇರತಾಳ. ಇಷ್ಟ ದಿನಾ ಸೂಜಿ ಆಗ್ಯಾವ, ಈಗ ಆಕಿಂದ ಯಾರಿಗೂ ಹತ್ತೂದಿಲ್ಲ. ಕೂಲಿ ಐತಿ ಅಂದ್ರ ಊರಿಗೆ ಬರತಾಳ, ಊರಿಗೆ ಬಂದ್ರ ಸೂಜಿಗೆ ಬರತಾಳ. ನೀವ ಒಂದ ಮಾತ ಹೇಳಿ ಕಳಸ್ರಿ. ಆಕಿ ನಿಮ್ಮ ಮರ್ಯಾದಿ ಉಳಿಸ್ಯಾಳ."

ಅಂಗಳದ ಆಳುಗಳನ್ನು ಇಡುವುದು ಬಿಡುವುದು ನನ್ನ ಕೈಯಲ್ಲೇ ಇತ್ತು. ಮಾಲಕರನ್ನು ಕೇಳಬೇಕಾಗಿಯೂ ಇರಲಿಲ್ಲ. ಆದರೆ ಅವಳನ್ನು ಮತ್ತೆ ತಂದರೆ ಆ ದಿನದ ಮಾತು ಮತ್ತೆ ಏಳುತ್ತದೆ, ಯಾವಾಗಲೋ ಒಮ್ಮೆ ಅವಳ ಬಾಯಿಯಿಂದ ಖರೆ ಸಂಗತಿ ಹೊರಬೀಳುತ್ತದೆ ಎಂದು ಹೆದರಿದೆ. ಅಂದು ಅವಳು ಹಾಕಿದ ಲೆಕ್ಕ ನನಗೆ ಆಗ ಹೊಳೆಯಿತು. ಮುಕಾದಮ ಉಳಿದರೆ ತನ್ನನ್ನು ಎಲ್ಲಾದರೂ ಸೇರಿಸಿಕೊಳ್ಳುತ್ತಾನೆ, ಅವನೇ ಹೋದರೆ ಇಬ್ಬರೂ ಹೋದ ಹಾಗೆ ಎಂದು ನಂಬಿದ್ದಳು. ಹೊಳೆದ ಮೇಲೂ ನಾನು ಹೇಳಿದ್ದು, "ಮುಂದಿನ ಹಂಗಾಮಿಗೆ ನೋಡೂಣ್ರಿ ಬಾಯಾರ."

ನರ್ಸಬಾಯಿ ತಿರುಗಿ ಹೋದಳು. ಆಮೇಲೆ ಎಂದೂ ನಮ್ಮ ಗೇಟಿನ ಮುಂದೆ ನಿಲ್ಲಲಿಲ್ಲ.

ಮುಂದಿನ ಹಂಗಾಮಿಗೂ ನಾನೇ ಮುಕಾದಮನಾದೆ. ಆಳು ಗೊತ್ತುಮಾಡಲು ನವಲಗುಂದದ ಕಡೆಯ ಹಳ್ಳಿಗಳಿಗೆ ಹೋಗಬೇಕಿತ್ತು. ಅವಳ ತವರೂರಿಗೆ ಮಾತ್ರ ಬೇರೆಯವರನ್ನು ಕಳಿಸಿದೆ. ಅವರಿಂದಲೇ ತಿಳಿಯಿತು, ಮಳೆಗಾಲದಲ್ಲಿ ಅವಳಿಗೆ ಮತ್ತೆ ರಕ್ತ ಬಿದ್ದಿತ್ತು, ಧಾರವಾಡದಲ್ಲಿ ತಿಂಗಳುಗಟ್ಟಲೆ ಮಲಗಿಸಿ ಹೊಸದಾಗಿ ಸೂಜಿ ಶುರು ಮಾಡಿದ್ದರು. ಬದುಕುತ್ತಾಳೆ ಎಂದರು. ನಾನು ಅಷ್ಟಕ್ಕೆ ಸಮಾಧಾನ ಮಾಡಿಕೊಂಡೆ.

ಕೆಲವು ವರ್ಷಗಳಲ್ಲಿ ಗಿರಣಿ ಕಾಯಮ್ಮಾಗಿ ಮುಚ್ಚಿತು, ಆ ಹೊತ್ತಿಗೆ ನನಗೇ ದಮ್ಮು ಹತ್ತಿತ್ತು. ದಶಕದ ಕೊನೆಯ ವರ್ಷ ಇರಬೇಕು, ಒಂದು ಮುಂಜಾನೆ ಸರಕಾರಿ ದವಾಖಾನೆಯ ಸಾಲಿನಲ್ಲಿ ನಿಂತಿದ್ದೆ. ಕೆಲಸವಿಲ್ಲದ ಮೇಲೆ ನನಗೆ ಆ ಬಾಗಿಲಿನ ಹೊತ್ತು ಹೊಂದತೊಡಗಿತ್ತು. ಹೆಂಗಸರ ಸಾಲಿನಲ್ಲಿ ಅವಳಿದ್ದಳು. ಜೊತೆಗೆ ಮಗಳು, ಮಗಳ ಕಂಕುಳಲ್ಲಿ ಕೂಸು. ಅವಳು ಗಟ್ಟಿಯಾಗಿಯೇ ಇದ್ದಳು, ಕೂದಲು ಮಾತ್ರ ಬೆಳ್ಳಗಾಗಿತ್ತು. ನಾನು ಎರಡು ಹೆಜ್ಜೆ ಮುಂದೆ ಹೋಗಿ, "ಏನವಾ, ಆರಾಮಿದ್ದೀ?" ಎಂದೆ. ತಿರುಗಲಿಲ್ಲ. ಮತ್ತೊಮ್ಮೆ ಅಂದೆ.

ಮಗಳು ನನ್ನ ಕಡೆ ನೋಡಿದಳು. ಅವಳಿಗೆ ನನ್ನ ಗುರುತಿರಲಿಲ್ಲ. "ಅವ್ವಗ ಕಿವಿ ಕೇಳೂದಿಲ್ರಿ" ಎಂದಳು. "ಎರಡನೇ ಸಲಾ ಸೂಜಿ ಮಾಡಿದ ಮ್ಯಾಲ ಎರಡೂ ಕಿವಿ ಹ್ವಾದೂವು. ಭುಜಾ ಮುಟ್ಟಿ ಕರೀಬೇಕರಿ. ಯಾರಂತ ಹೇಳ್ಲಿರಿ?"

ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರವಿದ್ದಳು. ಅವಳು ತಿರುಗಿದರೆ ನಾನು ಹೇಳಬೇಕಾದದ್ದನ್ನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಬೇಕಾಗುತ್ತಿತ್ತು. ಇಲ್ಲದಿದ್ದರೆ ಕೈ ಮುಗಿಯಬೇಕಾಗುತ್ತಿತ್ತು. ಎರಡನ್ನೂ ನಾನು ಮಾಡಲಿಲ್ಲ. "ಇರಲಿ ಬಿಡವಾ, ಬ್ಯಾರೇ ಯಾರೋ ಅಂದ್ಕೊಂಡೆ" ಎಂದು ಮಗಳಿಗೆ ಹೇಳಿ, ಗುಳಿಗೆ ತೆಗೆದುಕೊಳ್ಳದೆ ಮನೆಗೆ ಬಂದೆ.

ಅವಳು ತೀರಿಹೋಗಿದ್ದಾಳೆಂದು ಮೊನ್ನೆ ತಿಳಿಯಿತು. ಇಷ್ಟು ಬರೆಯುವಾಗಲೂ ಅವಳನ್ನು ಆ ಹೆಣ್ಣುಮಗಳು, ಕಡೆಯ ಯಂತ್ರದವಳು ಎಂದೇ ಬರೆದುಕೊಂಡು ಬಂದಿದ್ದೇನೆ. ಬೆರಳು ಮಾಡಿ ತೋರಿಸಿದ ದಿನವೂ ನಾನು ಹೆಸರು ಹೇಳಿರಲಿಲ್ಲ. ಅವಳು ಫಕೀರವ್ವ.